ಅಂಗಳದ ಕೆಂಪು ಕಾರು

ರಮಾನಂದ ಮುಂಬಯಿಯಿಂದ ಕೆಂಪು ಕಾರು ತಂದ ದಿನ ಹೊನ್ನಾವರದ ಅವನ ಮನೆಯ ಅಂಗಳದ ತುಂಬ ಬೇಯಿಸಿದ ಭತ್ತ ಒಣಗಲು ಹರವಿತ್ತು. ಒಂದು ತುದಿಯಲ್ಲಿ ಅವನ ಅತ್ತಿಗೆ ನರ್ಮದಾ, ಇನ್ನೊಂದು ತುದಿಯಲ್ಲಿ ಅವನ ಹೆಂಡತಿ ಮಂಗಲಾ, ಸೀರೆ ಎತ್ತಿ ಕಟ್ಟಿಕೊಂಡು ಕಾಲಿನಿಂದ ಭತ್ತ ಕೆದಕುತ್ತಿದ್ದರು. ರಸ್ತೆಯಿಂದ ಒಳಗೆ ಬಂದ ಕಾರು ಹಲಸಿನ ಮರದ ಕಡೆ ಹೊರಳಬೇಕಿತ್ತು. ಹೊರಳಲಿಲ್ಲ. ನೆಟ್ಟಗೆ ಚಾಪೆಯ ಮೇಲೆ ಹತ್ತಿ, ಭತ್ತವನ್ನು ಸೀಳಿಕೊಂಡು ಹೋಗಿ, ತುಳಸಿಕಟ್ಟೆ ಇನ್ನೇನು ತಾಗಬೇಕು ಎನ್ನುವಾಗ ನಿಂತಿತು.

ಇಬ್ಬರೇ ಕೂರುವ ಕಾರು. ಮೇಲೆ ಮಾಡು ಇಲ್ಲ, ಮೂತಿ ಮಾತ್ರ ಉದ್ದ, ಗಾಲಿಗೆ ಸೈಕಲ್ಲಿನ ಹಾಗೆ ಕಡ್ಡಿಗಳು. ರಮಾನಂದ ಇಳಿದು ಧೂಳು ಕೊಡವಿಕೊಂಡು ನಕ್ಕ. ಸ್ಟೇರಿಂಗ್ ಸ್ವಲ್ಪ ಸಡಿಲ, ಅಣ್ಣನ ಕೈಗೆ ಕೊಟ್ಟರೆ ಒಂದು ಗಳಿಗೆಯ ಕೆಲಸ ಎಂದ.

ಮಂಗಲಾ ಗಂಡನ ಮುಖ ನೋಡಿ ವರ್ಷವಾಗಿತ್ತು. ಅತ್ತೆ ಹನುಮಕ್ಕ ಜಗಲಿಯಲ್ಲೇ ಕಾಲು ನೀಡಿಕೊಂಡು ಕೂತಿದ್ದರಿಂದ ಅವಳು ಹತ್ತಿರ ಹೋಗಲಿಲ್ಲ. ಬಗ್ಗಿ ಗಾಲಿಯ ಸುತ್ತಲಿನ ಭತ್ತ ಬಾಚತೊಡಗಿದಳು. ಅವಳು ಬಾಚಿದ ಕಡೆಯೇ ಮತ್ತೆ ಬಾಚುವುದನ್ನು ಕಂಡು ನರ್ಮದಾ, ತಾನು ಬಾಚುತ್ತೇನೆ, ನೀನು ಹೋಗಿ ಚಾ ಇಡು ಎಂದು ಅವಳನ್ನು ಒಳಗೆ ಕಳಿಸಿದಳು.

ಅರವತ್ತೊಂದನೆ ಇಸವಿಯ ಬೇಸಗೆ ಅದು. ರಮಾನಂದ ಮುಂಬಯಿಯಲ್ಲಿ ಒಬ್ಬ ಪಾರ್ಸಿ ಸೇಟನ ಮನೆಯ ಡ್ರೈವರನಾಗಿದ್ದ. ಸೇಟ ವಯಸ್ಸಾಗಿ ಮನೆ ಮುಚ್ಚಿ ವಿಲಾಯತಿಯ ಮಗಳಲ್ಲಿಗೆ ಹೊರಟವನು, ಬಾಕಿ ಪಗಾರಿನ ಬದಲು ಮೂಲೆಯಲ್ಲಿ ನಿಂತಿದ್ದ ಈ ಹಳೇ ಸ್ಪೋರ್ಟ್ಸ್ ಕಾರನ್ನು ಕೊಟ್ಟುಬಿಟ್ಟಿದ್ದ. ಅದನ್ನು ಊರ ಕಡೆ ಯಾರಾದರೂ ಶೋಕಿಯವರಿಗೆ ಮಾರುವುದು, ಬಂದ ಹಣದಲ್ಲಿ ಮುಂಬಯಿಯ ಒಂದು ಟ್ಯಾಕ್ಸಿಯಲ್ಲಿ ಪಾಲು ಹಿಡಿಯುವುದು, ಒಂದು ಖೋಲಿ ಮಾಡಿ ಮಂಗಲಾಳನ್ನು ಕರೆದುಕೊಂಡು ಹೋಗುವುದು ಅವನ ಲೆಕ್ಕಾಚಾರ. ಕುಮಟೆಯ ಹತ್ತಿರದ ಬಾಡದಿಂದ ಮದುವೆಯಾಗಿ ಬಂದ ಮಂಗಲಾ ಅಂದಿನಿಂದ ಈ ಮನೆಯಲ್ಲೇ ಇದ್ದಳು. ಗಂಡ ಮುಂಬಯಿಯಲ್ಲಿ ಊರಿನ ಇತರ ಗಂಡಸರ ಜೊತೆ ಒಂದೇ ಖೋಲಿಯಲ್ಲಿ ಮಲಗುತ್ತಿದ್ದ. ಅಲ್ಲಿ ಹೆಂಡತಿಗೆ ಜಾಗವಿರಲಿಲ್ಲ. ವರ್ಷಕ್ಕೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದ. ಅವಳಿಗೆ ಮಕ್ಕಳಾಗಲಿಲ್ಲವೆಂದು ಹನುಮಕ್ಕ ಆಗಾಗ ಅವಳಿಗೇ ಕೇಳುವಂತೆ ನಿಟ್ಟುಸಿರು ಬಿಡುತ್ತಿದ್ದರು.

ನರ್ಮದೆಯ ಗಂಡ ಅಣ್ಣಪ್ಪ ರಸ್ತೆ ಬದಿಯ ತನ್ನ ಶೆಡ್ಡಿನಿಂದ ಕೈ ಒರೆಸುತ್ತ ಬಂದ. ಬಸ್ಸು, ಲಾರಿ ರಿಪೇರಿಯೇ ಅವನ ಹೊಟ್ಟೆಪಾಡು. ತಮ್ಮನ ಬೆನ್ನು ತಟ್ಟಿ, ಕಾರಿನ ಒಳಗೆ ಕೈ ಹಾಕಿ, ಸ್ಟೇರಿಂಗ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅದು ಹಳೇ ಕೊಡೆಯ ಹಿಡಿಯ ಹಾಗೆ ಮೇಲೆ ಕೆಳಗೆ ಆಡಿತು. ಎಡಕ್ಕೆ ತಿರುಗಿಸಿದ. ಚಕ್ರ ಸ್ವಲ್ಪ ದೂರ ತಾನೊಂದೇ ತಿರುಗಿ, ಆಮೇಲೆ ಗಾಲಿ ಕದಲಿತು. ಅವನ ಮುಖದ ನಗು ಹೋಯಿತು.

"ದೇವಿಮನೆ ಘಟ್ಟ ಇಳಿದದ್ದು ಇದನ್ನ ಹಿಡ್ಕಂಡಾ?"

"ಘಟ್ಟದಲ್ಲಿ ಇಷ್ಟು ಇರಲಿಲ್ಲ. ಆಮೇಲೆ ಹೆಚ್ಚಾತು" ಎಂದ ರಮಾನಂದ.

ಆ ಮಧ್ಯಾಹ್ನವೇ ಅಣ್ಣಪ್ಪ ಚಕ್ರದ ನಡುವಿನ ಹಾರನ್ನಿನ ಗುಂಡಿ ಬಿಚ್ಚಿ, ಒಳಗಿನ ನಟ್ಟು ಬಿಗಿದು ನೋಡಿದ. ಏನೂ ಪ್ರಯೋಜನವಾಗಲಿಲ್ಲ. ನಟ್ಟು ತೆಗೆದು ಚಕ್ರವನ್ನೇ ಕಿತ್ತ. ಚಕ್ರದ ನಟ್ಟನಡುವೆ ತೂತಿರುವ ಗುಂಬದ ಒಳಗೂ ಅದು ಕೂರುವ ಸರಳಿನ ತಲೆಯ ಮೇಲೂ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲುಗಳಿರಬೇಕು. ಎರಡೂ ಕಡೆ ಹಲ್ಲು ಸವೆದು ಮೊಂಡಾಗಿದ್ದವು. ಹುಬ್ಬಳ್ಳಿಗೆ ಒಯ್ದು ಸರಳಿನ ತಲೆಗೆ ಲೋಹ ತುಂಬಿಸಿ ಹೊಸದಾಗಿ ಹಲ್ಲು ಕೊರೆಸಬೇಕು, ಚಕ್ರಕ್ಕೂ ಹೊಸ ಗುಂಬ ಮಾಡಿಸಬೇಕು, ಅದಕ್ಕೆ ಮೊದಲು ಇದನ್ನು ಓಡಿಸುವುದು ಬೇಡ ಎಂದ. ರಮಾನಂದ ಒಪ್ಪಲಿಲ್ಲ. ಹುಬ್ಬಳ್ಳಿಯ ಕೆಲಸವೆಂದರೆ ಕೈಯಿಂದ ಹಣ ಹೋಗಬೇಕು, ದಿನ ಹೋಗಬೇಕು. ಮಳೆ ಹಿಡಿದ ಮೇಲೆ ಮಾಡು ಇಲ್ಲದ ಕಾರನ್ನು ಯಾರು ಕೊಳ್ಳುತ್ತಾರೆ? ಹಲ್ಲಿನ ನಡುವೆ ತಗಡಿನ ಚೂರು ತುರುಕಿದರೆ ಬಿಗಿಯಾಗುತ್ತದೆ, ಮುಂಬಯಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ ಎಂದು ವಾದಿಸಿದ.

ಹಾಗೆ ಸುರುವಾದ ಜಗಳ ವಾರಗಟ್ಟಲೆ ಊಟದ ಮಣೆಯ ಮೇಲೆ ನಡೆಯಿತು. ಮೊದಲು ಅಣ್ಣತಮ್ಮಂದಿರು ನೇರ ಮಾತಾಡಿಕೊಂಡರು. ಆಮೇಲೆ ಅಣ್ಣಪ್ಪ ತಟ್ಟೆ ನೋಡುತ್ತ, "ಅವನಿಗೆ ಹೇಳು, ನನ್ನ ಶೆಡ್ಡಿನಿಂದ ಹಾಂಗೆ ಗಾಡಿ ಹೊರಗೆ ಬೀಳುದಿಲ್ಲ" ಎಂದು ಹೆಂಡತಿಗೆ ಹೇಳುವುದು, ಅದನ್ನು ಕೇಳಿಯೂ ಕೇಳದವನ ಹಾಗೆ ರಮಾನಂದ, "ಅತ್ಗೆ, ನಂಗೆ ಸಾಕು, ಅನ್ನ ಬೇಡ" ಎಂದು ಏಳುವುದು. ಬಂಗಡೆಯ ಸಾರು ಮಾಡಿದ ದಿನವೂ ಅಷ್ಟೇ, ಒಣ ಶೆಟ್ಲಿ ಸಿಗಡಿಯ ಚಟ್ನಿ ಮಾಡಿದ ದಿನವೂ ಅಷ್ಟೇ. ಬಡಿಸುತ್ತ ನಡುವೆ ನಿಂತ ನರ್ಮದೆಗೆ ಇಬ್ಬರ ಮಾತನ್ನೂ ಹೊತ್ತು ಹೊತ್ತು ಸಾಕಾಗಿತ್ತು. ಅಂಗಳವನ್ನು ಕಾರು ಹಿಡಿದುದರಿಂದ ಅವಳೂ ಮಂಗಲಾಳೂ ಭತ್ತದ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಪಕ್ಕದ ಮನೆಯ ಅಂಗಳಕ್ಕೆ ಒಯ್ಯಬೇಕಿತ್ತು, ಸಂಜೆ ತುಂಬಿಕೊಂಡು ತರಬೇಕಿತ್ತು. ಅಲ್ಲಿಯ ಕೋಳಿಗಳನ್ನು ಕಾಯಲು ಒಬ್ಬಳು ಇರಲೇಬೇಕು. ಬಾವಿಯ ನೀರು ತಳ ಕಂಡಿತ್ತು. ಒಂದೊಂದು ಕೊಡಕ್ಕೂ ಹಗ್ಗ ಉದ್ದವಾಗುತ್ತಲೇ ಹೋಗುತ್ತಿತ್ತು.

ಹನುಮಕ್ಕ ಕಿರಿಮಗನ ಕಡೆ. ಒಂದು ದಿನ ಗಂಜಿ ಉಣ್ಣುತ್ತ ಅವರು ಅಣ್ಣಪ್ಪನಿಗೆ ಹೇಳಿಯೇ ಬಿಟ್ಟರು.

"ತಮ್ಮ ಮುಂದೆ ಬತ್ತ ಅಂದ್ರೆ ನಿಂಗೆ ಹೊಟ್ಟೆಕಿಚ್ಚು. ನೀ ಊರ ಲಾರಿಗೆಲ್ಲ ತಗಡು ಹಾಕ್ತೆ, ಹಗ್ಗ ಕಟ್ತೆ. ಮನೆಯವನಿಗೆ ಮಾತ್ರ ಹುಬ್ಬಳ್ಳಿಯ ದಾರಿ ತೋರಿಸ್ತೆ."

"ಲಾರಿಗೆ ಹಗ್ಗ ಕಟ್ಟುದು ಬೇರೆ ಆಯಿ. ಇದು ಸ್ಟೇರಿಂಗ್."

"ನಂಗೆ ಅದೆಲ್ಲ ಗೊತ್ತಾಗುದಿಲ್ಲ. ಆ ಹುಡುಗಿಯ ಮುಖ ನೋಡು."

ಎಲ್ಲರೂ ಮಂಗಲಾಳ ಮುಖ ನೋಡಿದರು. ಅವಳು ತಲೆ ಬಗ್ಗಿಸಿ ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ಅವಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮರುದಿನ ಅಣ್ಣಪ್ಪ ಸೋತವನ ಹಾಗೆ ಶೆಡ್ಡಿನಿಂದ ಕತ್ತರಿ ತಂದ. ಚಹಾದ ಡಬ್ಬಿಯ ತಗಡನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಸವೆದ ಹಲ್ಲುಗಳ ಮೇಲೆ ಕೂರಿಸಿ, ಚಕ್ರವನ್ನು ಬಡಿದು ಇಳಿಸಿ, ನಟ್ಟು ಬಿಗಿದ. ಚಕ್ರ ಅಲ್ಲಾಡಲಿಲ್ಲ. ಆದರೂ ಇದು ಊರೊಳಗೆ ಹತ್ತಿರ ಹತ್ತಿರ ಓಡಿಸಲಿಕ್ಕೆ ಮಾತ್ರ, ಕೊಳ್ಳುವವರಿಗೆ ಹೀಗಿದೆ ಎಂದು ಹೇಳಿಯೇ ಕೊಡಬೇಕು ಎಂದ. ಹೇಳುತ್ತೇನೆ ಎಂದು ರಮಾನಂದ ಒಪ್ಪಿದ. ಅಂದು ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡರು.

ಅದೇ ವಾರ ಹನುಮಕ್ಕನ ಕಾಲಿನ ನೋವಿನ ಎಣ್ಣೆ ಮುಗಿಯಿತು. ಎಣ್ಣೆ ಕೊಡುವ ಪಂಡಿತರು ಇದ್ದದ್ದು ಹಳದೀಪುರದಲ್ಲಿ. ಮಂಗಲಾ ಮುಟ್ಟಾಗಿ ಹೊರಗೆ ಕೂತಿದ್ದಳು. ಎರಡಾಳಿನ ಕೆಲಸ ಮುಗಿಸಿ ನರ್ಮದಾ ಬಸ್ಸಿಗೆ ಹೊರಟಾಗ, ತಾನು ಕಾರಿನಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ ಎಂದ ರಮಾನಂದ. ಅವಳು ಹುಟ್ಟಿದ ಮೇಲೆ ಕಾರಿನಲ್ಲಿ ಕೂತವಳಲ್ಲ. ನಾಚಿಕೆಯಾದರೂ ಕೂತಳು. ಗಾಳಿಗೆ ಸೆರಗು ಹಾರಬಾರದೆಂದು ಹಲ್ಲಿನಲ್ಲಿ ಕಚ್ಚಿಕೊಂಡಳು. ಹೋಗುವಾಗ ಎಲ್ಲ ಚೆನ್ನಾಗಿತ್ತು. ಕೆಲಸವಿಲ್ಲದೆ ಸುಮ್ಮನೆ ಕೂತು ಎಷ್ಟು ಕಾಲವಾಯಿತೋ ಎಂದುಕೊಂಡಳು, ಅರ್ಧ ದಾರಿಯಲ್ಲಿ ಕಣ್ಣು ಕೂಡ ಎಳೆಯಿತು.

ಬರುವಾಗ ಕರ್ಕಿಯ ಇಳಿಜಾರಿನಲ್ಲಿ ಎದುರಿನಿಂದ ಬಸ್ಸು ಬಂತು. ರಮಾನಂದ ಬದಿಗೆ ಸರಿಯಲು ಚಕ್ರ ತಿರುಗಿಸಿದ. ಚಕ್ರ ಅವನ ಕೈಯಲ್ಲಿ ಸರಾಗವಾಗಿ ಪೂರ್ತಿ ತಿರುಗಿತು. ಕಾರು ಮಾತ್ರ ನೆಟ್ಟಗೆ ಬಸ್ಸಿನ ಕಡೆಗೇ ಹೋಗುತ್ತಿತ್ತು. ಅವನು ಬ್ರೇಕನ್ನು ಪೂರ್ತಿ ಒತ್ತಿ ಹಿಡಿದ. ಬಸ್ಸಿನವನು ಹಾರನ್ನು ಬಾರಿಸುತ್ತ, ರಸ್ತೆ ಬಿಟ್ಟು ಮಣ್ಣಿಗೆ ಇಳಿದು, ಕಾರಿನ ಮೈ ಸವರಿದ ಹಾಗೆ ದಾಟಿದ. ಕಾರು ಅಡ್ಡ ಜಾರಿ ಕೇದಗೆಯ ಪೊದೆಗೆ ಮೂತಿ ಕೊಟ್ಟು ನಿಂತಿತು. ನರ್ಮದೆಯ ಮಡಿಲಲ್ಲಿದ್ದ ಬಾಟಲಿ ಒಡೆದು ಎಣ್ಣೆಯೆಲ್ಲ ಸೀರೆಗೆ ಇಳಿಯಿತು.

ನರ್ಮದಾ ಇಳಿದು ಸೀರೆಯಿಂದ ಗಾಜಿನ ಚೂರು ಕೊಡವಿದಳು. ಆಮೇಲೆ ರಮಾನಂದ ಪಾನಾ ತೆಗೆದು ನಟ್ಟು ಬಿಚ್ಚಿ ಚಕ್ರ ಕಿತ್ತ. ತಗಡಿನ ಪಟ್ಟಿಗಳು ಹರಿದು ಸುರುಳಿಯಾಗಿ ಹೊರಬಂದವು. ಸಿಗರೇಟಿನ ಪಾಕೀಟಿನ ಕಾಗದ ಮಡಿಸಿ ತುರುಕಿ, ಕಲ್ಲಿನಿಂದ ಬಡಿದು, ಮತ್ತೆ ಬಿಗಿದ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

"ಅತ್ಗೆ, ಮನೇಲಿ ಹೇಳಬೇಡಿ" ಎಂದ. "ಕುಮಟೆಯ ಹೆಂಚಿನ ವ್ಯಾಪಾರಿಯ ಮಗ ಬರುವ ಸೋಮವಾರ ಬತ್ತ. ಮಾತು ಎಲ್ಲ ಆತು. ಅಣ್ಣನಿಗೆ ಗೊತ್ತಾದ್ರೆ ಕೊಡಲಿಕ್ಕೆ ಬಿಡುದಿಲ್ಲ. ಇದು ತಪ್ಪಿದ್ರೆ ಮಂಗಲಾ ಇನ್ನು ಎಷ್ಟು ವರ್ಷ ಹೀಂಗೆ ಇರುದು, ನೀವೇ ಹೇಳಿ."

ನರ್ಮದಾ ಎಣ್ಣೆ ಹಿಡಿದ ಸೆರಗು ಹಿಂಡಿ ಮತ್ತೆ ಕಾರಿನಲ್ಲಿ ಕೂತಳು. ಕಾರು ನಿಧಾನ ಉರುಳುತ್ತ ಊರು ಸೇರಿತು. ಬಾಟಲಿ ಕೈಜಾರಿತು ಎಂದು ಅತ್ತೆಗೆ ಹೇಳಿ ಬೈಸಿಕೊಂಡಳು.

ಸೋಮವಾರದವರೆಗಿನ ಆ ನಾಲ್ಕು ದಿನಗಳು ಅವಳಿಗೆ ಉದ್ದವಾದವು. ಮರುದಿನವೇ ಸ್ನಾನ ಮಾಡಿ ಒಳಗೆ ಬಂದ ಮಂಗಲಾ ಬೇರೆಯೇ ಹೆಂಗಸಾಗಿದ್ದಳು. ಟ್ರಂಕು ತೆಗೆದು ಸೀರೆಗಳನ್ನು ಬಿಸಿಲಿಗೆ ಹಾಕಿದಳು. ಮುಂಬಯಿಯಲ್ಲಿ ನಳದ ನೀರಂತೆ, ಹಗ್ಗ ಎಳೆಯುವುದಿಲ್ಲವಂತೆ ಎಂದು ಬಾವಿಕಟ್ಟೆಯಲ್ಲಿ ಹೇಳಿದಳು. ಮೆಣಸು ಅರೆಯುತ್ತ ಅರೆಯುತ್ತ ನಿಂತು, ತಾನು ಹೋದರೆ ಅಕ್ಕ ಒಬ್ಬಳೇ ಆಗುತ್ತಾಳೆ, ಅತ್ತೆಯ ಕಾಲು ತಿಕ್ಕುವವರು ಯಾರು, ಅಕ್ಕನ ಮಕ್ಕಳನ್ನು ಶಾಲೆಗೆ ಹೊರಡಿಸುವವರು ಯಾರು ಎಂದು ಕೇಳಿದಳು. ಅದೆಲ್ಲ ಹೇಗೋ ನಡೆಯುತ್ತದೆ ಎಂದಳು ನರ್ಮದಾ. ಗಂಡನಿಗೆ ಹೇಳೋಣವೆಂದು ಒಂದೆರಡು ಸಲ ಬಾಯಿ ತೆರೆದಳು. ಅಣ್ಣಪ್ಪ ಬಸ್ಸಿನ ಅಡಿಯಲ್ಲಿ ಮಲಗಿ ಮಲಗಿ ಬೆನ್ನು ನೋವೆಂದು, ಉಂಡ ಕೈ ತೊಳೆದವನೇ ಜಗಲಿಯಲ್ಲಿ ನಿದ್ದೆಹೋಗುತ್ತಿದ್ದ. ಹೇಳಿದರೆ ಮತ್ತೆ ಜಗಳ. ಅವಳಿಗೆ ಆ ಜಗಳದ ನೆನಪಿನಿಂದಲೇ ಆಯಾಸವಾಗುತ್ತಿತ್ತು. ಕೊಳ್ಳುವವರಿಗೆ ರಮಾನಂದ ಹೇಗೂ ಹೇಳಬಹುದು ಎಂದು ಸಮಾಧಾನ ಮಾಡಿಕೊಂಡಳು.

ಸೋಮವಾರ ಹೆಂಚಿನ ವ್ಯಾಪಾರಿಯ ಮಗ ಬಂದ. ಹೊಸ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದ. ಅವನು ಗಂಡಸರ ಜೊತೆ ಕಾರಿನ ಸುತ್ತ ತಿರುಗಿದ. ಅಣ್ಣಪ್ಪ ಶೆಡ್ಡಿನಲ್ಲಿ ಒಂದು ಲಾರಿಯ ತುರ್ತು ಕೆಲಸದಲ್ಲಿದ್ದವನು ಬಂದು ನಮಸ್ಕಾರ ಹೇಳಿ, ತಮ್ಮ ಎಲ್ಲ ತಿಳಿಸುತ್ತಾನೆ ಎಂದು ಹೋದ. ಆ ಹುಡುಗಿ ಒಳಗೆ ನಡುಮನೆಯ ಚಾಪೆಯ ಮೇಲೆ ಕೂತಳು. ಹದಿನೆಂಟೋ ಹತ್ತೊಂಬತ್ತೋ ಇರಬೇಕು. ಮುಡಿಯ ತುಂಬ ಅಬ್ಬಲಿಗೆ ದಂಡೆ. ಹನುಮಕ್ಕ ಅವಳ ತವರು ವಿಚಾರಿಸಿದರು. ಶಿರಸಿ ಎಂದಳು. ಕಾರು ಬಂದ ಕೂಡಲೇ ಇಬ್ಬರೂ ದೇವಿಮನೆ ಘಟ್ಟ ಹತ್ತಿ ತವರಿಗೆ ಹೋಗುವುದಂತೆ, ತಂದೆಗೆ ಮೊದಲೇ ತಿಳಿಸಿಯೂ ಆಗಿದೆಯಂತೆ. ಮಂಗಲಾ ಅಡಿಗೆಮನೆಯಲ್ಲಿ ಮುರುಗಲ ಹಣ್ಣಿನ ಪಾನಕ ಮಾಡುತ್ತಿದ್ದಳು.

ಹುಡುಗಿ ನರ್ಮದೆಯ ಕಡೆ ತಿರುಗಿದಳು.

"ನೀವು ಅದರಲ್ಲಿ ಕೂತು ಹಳದೀಪುರಕ್ಕೆ ಹೋಗಿ ಬಂದ್ರಂತೆ ಅಲ್ದಾ? ನಿಮ್ಮ ಮೈದುನರು ಹೇಳಿದ್ರು. ನಂಗೆ ಒಂಚೂರು ಹೆದರಿಕೆ. ನಿಮಗೆ ಎಂತ ಆಗಲಿಲ್ವಾ?"

ನರ್ಮದಾ ಹೊರಗೆ ನೋಡಿದಳು. ರಮಾನಂದ ಕಾರಿನ ಬಾಗಿಲಿನ ಮೇಲೆ ಕೈ ಇಟ್ಟುಕೊಂಡು ನಗುನಗುತ್ತ ಏನೋ ಹೇಳುತ್ತಿದ್ದ. ಅವನು ಹೇಳಿಲ್ಲ, ಹೇಳುವುದೂ ಇಲ್ಲ ಎಂದು ಅವಳಿಗೆ ತಿಳಿಯಿತು.

"ಆತು" ಎಂದಳು. "ಕರ್ಕಿ ಇಳಿಜಾರಲ್ಲಿ ಸ್ಟೇರಿಂಗ್ ಕೈಯಲ್ಲೇ ತಿರುಗಿತು. ಕಾರು ತಿರುಗಲಿಲ್ಲ. ಎದುರು ಬಸ್ಸಿತ್ತು. ಬಸ್ಸಿನವ ತಪ್ಪಿಸಿದ ಅಂತ ನಾವು ಉಳಿದದ್ದು. ಈಗ ಅದರೊಳಗೆ ಕಾಗದ ತುರುಕಿದ್ದು. ಸರಿ ಮಾಡಿಸದೆ ತಕ್ಕಂಡು ಹೋಗಬೇಡಿ. ಘಟ್ಟ ಹತ್ತಬೇಡಿ."

ಅವಳು ದನಿ ಏರಿಸಿರಲಿಲ್ಲ. ಆದರೂ ಮನೆಯೊಳಗಿದ್ದವರಿಗೆಲ್ಲ ಕೇಳಿತು. ಅಡಿಗೆಮನೆಯ ಬಾಗಿಲಲ್ಲಿ ಮಂಗಲಾ ಪಾನಕದ ಲೋಟಗಳ ಹರಿವಾಣ ಹಿಡಿದು ನಿಂತಿದ್ದಳು. ಹುಡುಗಿ ಎದ್ದು ಹೊರಗೆ ಹೋಗಿ ಗಂಡನ ಕಿವಿಯಲ್ಲಿ ಹೇಳಿದಳು. ಅವನು ಕಾರಿನ ಒಳಗೆ ಕೈ ಹಾಕಿ ಚಕ್ರವನ್ನು ಜೋರಾಗಿ ಅಲ್ಲಾಡಿಸಿ ನೋಡಿದ. ಜಗಳವಾಡಲಿಲ್ಲ. ಆಮೇಲೆ ಯೋಚನೆ ಮಾಡಿ ತಿಳಿಸುತ್ತೇನೆ ಎಂದು ಹೇಳಿ, ಹೆಂಡತಿಯ ಜೊತೆ ಬಸ್ಸಿನ ಕಡೆ ನಡೆದ. ಪಾನಕ ಯಾರೂ ಕುಡಿಯಲಿಲ್ಲ.

ಅವರು ಕಣ್ಮರೆಯಾದ ಮೇಲೆ ಹನುಮಕ್ಕನ ಬಾಯಿ ತೆರೆಯಿತು. ಮನೆಯ ಮರ್ಯಾದೆ ಬೀದಿಗೆ ಹಾಕಿದಳು, ಕಟ್ಟಿಕೊಂಡ ಗಂಡನ ಕೆಲಸಕ್ಕೂ ಹೆಸರು ಕೆಡಿಸಿದಳು, ಇನ್ನು ಶೆಡ್ಡಿಗೆ ಯಾವ ಲಾರಿ ಬರುತ್ತದೆ ನೋಡೋಣ ಎಂದೆಲ್ಲ ಹೇಳಿದರು. ನರ್ಮದಾ ಗೋಡೆಗೆ ಒರಗಿ ನಿಂತು ಕೇಳಿದಳು. ಅತ್ತೆಯ ಮಾತು ಅವಳಿಗೆ ಅಭ್ಯಾಸವಿತ್ತು. ರಮಾನಂದ ಕೂಗಾಡಲಿಲ್ಲ. ಹತ್ತಿರ ಬಂದು ಮೆಲ್ಲನೆ ಕೇಳಿದ.

"ಮಂಗಲಾ ಹೋದ್ರೆ ಮನೆಕೆಲಸಕ್ಕೆ ಆಳು ತಪ್ತದೆ ಅಂತ ಹೇಳಿದ್ದಲ್ದಾ ಅತ್ಗೆ?"

ಅಲ್ಲ ಎಂದು ಆ ಕ್ಷಣಕ್ಕೆ ಹೇಳಬೇಕಿತ್ತು. ಬಾವಿಯ ಹಗ್ಗ, ಪಕ್ಕದ ಮನೆಗೆ ಹೊರುವ ಬುಟ್ಟಿ, ಬೆಳಗಿನ ಒಲೆ, ಇವೆಲ್ಲ ಆ ನಾಲ್ಕು ದಿನ ಅವಳ ತಲೆಯಲ್ಲಿ ಬಂದುಹೋಗಿದ್ದವು ನಿಜ. ಅವಳು ಸುಮ್ಮನಿದ್ದುದನ್ನೇ ಎಲ್ಲರೂ ಉತ್ತರವೆಂದು ಹಿಡಿದರು. ಮಂಗಲಾ ಹರಿವಾಣ ಕೆಳಗಿಟ್ಟು ಹಿತ್ತಲಿಗೆ ಹೋದಳು.

ಅಣ್ಣಪ್ಪನಿಗೆ ವಿಷಯ ತಿಳಿದದ್ದು ಊಟಕ್ಕೆ ಬಂದಾಗ. "ತಗಡು ಹರಿದಿತ್ತಾ?" ಎಂದು ಮಾತ್ರ ಹೆಂಡತಿಯನ್ನು ಕೇಳಿದ. ಹೌದೆಂದಳು. ಅವನು ಉಣ್ಣದೆ ಎದ್ದು ಹೋಗಿ ಸ್ಟೇರಿಂಗ್ ಚಕ್ರ ಬಿಚ್ಚಿ, ಕಂಕುಳಲ್ಲಿ ಹಿಡಿದುಕೊಂಡು ಶೆಡ್ಡಿಗೆ ಒಯ್ದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ.

ರಮಾನಂದ ಅಂದೇ ಹೊರಟು ಕುಮಟೆಯ ಗೆಳೆಯನಲ್ಲಿಗೆ ಹೋದ. ಅಲ್ಲಿ ಎಷ್ಟು ದಿನವೆಂದು ಇರುವುದು? ವಾರ ಕಳೆದು ಗಡ್ಡ ಬಿಟ್ಟುಕೊಂಡು ತಿರುಗಿ ಬಂದ. ಅವನಿಲ್ಲದ ವಾರವೆಲ್ಲ ಮಂಗಲಾ ತನ್ನ ಪಾಲಿನ ಕೆಲಸವನ್ನು ಕೂದಲಷ್ಟೂ ಕಡಿಮೆ ಮಾಡಲಿಲ್ಲ. ನೀರು ಸೇದಿದಳು, ಮೀನು ಹೆಚ್ಚಿದಳು, ಪಾತ್ರೆ ತೊಳೆದಳು. ಆದರೆ ನರ್ಮದೆಯ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಮಕ್ಕಳ ಕೈಯಲ್ಲಿ ಹೇಳಿಸುವಳು. ಊಟಕ್ಕೆ ನರ್ಮದಾ ಕೂತರೆ ಅವಳಿಗೆ ಅಂಗಳದಲ್ಲಿ ಕೆಲಸ ಬರುವುದು, ಅವಳು ಎದ್ದ ಮೇಲೆ ಬಂದು ಕೂತು ಉಣ್ಣುವಳು. ಇಬ್ಬರು ಓರಗಿತ್ತಿಯರು ಒಂದೇ ಒಲೆಯ ಮುಂದೆ ಮೊಣಕೈ ತಾಗಿಸಿಕೊಂಡು ಕೂತು, ಇಡೀ ಬೆಳಗು ಒಂದು ಮಾತಿಲ್ಲದೆ ಅಡಿಗೆ ಮುಗಿಸುತ್ತಿದ್ದರು. ಅಣ್ಣತಮ್ಮಂದಿರ ಮಾತನ್ನು ಅತ್ತಿತ್ತ ಹೊತ್ತದ್ದೇ ವಾಸಿಯಿತ್ತು ಎನ್ನಿಸಿತು ನರ್ಮದೆಗೆ.

ಹುಬ್ಬಳ್ಳಿಗೆ ಹೋಗುವ ಮಾತನ್ನು ಅಣ್ಣಪ್ಪ ಯಾರಲ್ಲೂ ಕೇಳಲಿಲ್ಲ. ಒಂದು ಬೆಳಗ್ಗೆ ಕಾರಿನ ಅಡಿಗೆ ನುಗ್ಗಿ, ಸ್ಟೇರಿಂಗಿನ ಉದ್ದ ಸರಳನ್ನು ಬಿಚ್ಚತೊಡಗಿದ. ಮೇಲಿನಿಂದ ಒಬ್ಬರು ಹಿಡಿಯದೆ ಅದು ಹೊರಬರುವಂಥದ್ದಲ್ಲ. ರಮಾನಂದ ಜಗಲಿಯಲ್ಲಿ ಕೂತು ಬೀಡಿ ಸೇದುತ್ತ ನೋಡುತ್ತಿದ್ದ. ಅಣ್ಣನ ತಲೆಗೆ ಸರಳು ತಾಗಿದ ಸದ್ದು ಕೇಳಿದ ಮೇಲೆ ಬೀಡಿ ಎಸೆದು ಎದ್ದ. "ಹಿಡಿ" ಎಂದ ಅಣ್ಣಪ್ಪ ಕೆಳಗಿನಿಂದ. ಅವನು ಹಿಡಿದ. "ಮೇಲೆ ಎಳಿ." ಎಳೆದ. "ಬಿಡು, ಆತು." ಅಂದು ಅವರ ನಡುವೆ ನಡೆದ ಮಾತು ಅಷ್ಟೇ. ಆದರೆ ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಕೈ ತೊಳೆದು ಒಟ್ಟಿಗೆ ಮಣೆಗೆ ಬಂದರು.

ಅಣ್ಣಪ್ಪ ಸರಳನ್ನೂ ಚಕ್ರವನ್ನೂ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದ. ಹುಬ್ಬಳ್ಳಿಯ ಲೇತ್ ಯಂತ್ರದ ಕಾರಖಾನೆಯವರು ಇಂದು ನಾಳೆ ಎಂದರು. ಅವನು ಬರಿಗೈಲಿ ತಿರುಗಿ ಬಂದು, ಮತ್ತೊಮ್ಮೆ ಹೋಗಬೇಕಾಯಿತು. ಅವನು ಇಲ್ಲದ ದಿನ ಶೆಡ್ಡಿಗೆ ಬಂದ ಗಿರಾಕಿಗಳು ಬೇರೆ ಕಡೆ ಹೋದರು. ಮನೆಯಲ್ಲಿ ಮೀನು ತರುವುದು ನಿಂತು, ಹುರುಳಿಸಾರು, ಹಲಸಿನ ಬೀಜದ ಪಲ್ಯದಲ್ಲೇ ದಿನ ತಳ್ಳಿದರು. ಕಾರಿನ ಮೇಲೆ ತೆಂಗಿನ ಮಡಲು ಮುಚ್ಚಿದರು. ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತು.

ಕೊನೆಗೆ ಸರಳು ಬಂತು. ಅದರ ತಲೆಯ ಮೇಲೆ ಹೊಸ ಹಲ್ಲುಗಳು ಬೆಳ್ಳಗೆ ಹೊಳೆಯುತ್ತಿದ್ದವು. ಚಕ್ರದ ನಡುವೆ ಉಕ್ಕಿನ ಹೊಸ ಗುಂಬ ಕೂತಿತ್ತು. ಅಣ್ಣತಮ್ಮಂದಿರು ಸೇರಿ ಸರಳನ್ನು ಅದರ ಜಾಗಕ್ಕೆ ಇಳಿಸಿದರು. ಮುಂದಿನ ಗಾಲಿಗಳನ್ನು ನೆಟ್ಟಗೆ ನಿಲ್ಲಿಸಿ, ಚಕ್ರದ ಕಡ್ಡಿಗಳು ಓರೆಯಾಗದ ಹಾಗೆ ಹಿಡಿದು, ಅಣ್ಣಪ್ಪ ಮೆಲ್ಲನೆ ಒತ್ತಿದ. ಹಲ್ಲಿಗೆ ಹಲ್ಲು ಕಚ್ಚಿ ಚಕ್ರ ಕೆಳಗೆ ಇಳಿಯಿತು. ನಟ್ಟು ಬಿಗಿದು, ಅದು ಕಳಚದ ಹಾಗೆ ಪಿನ್ನು ಚುಚ್ಚಿ ಮಡಚಿದ. "ಅಲ್ಲಾಡಿಸು" ಎಂದ. ರಮಾನಂದ ಮೈಭಾರ ಹಾಕಿ ಅಲ್ಲಾಡಿಸಿದ. ಇಡೀ ಕಾರು ಅಲ್ಲಾಡಿತು, ಚಕ್ರ ಅಲ್ಲಾಡಲಿಲ್ಲ. ಇಬ್ಬರೂ ಕೂತು ಕರ್ಕಿಯವರೆಗೆ ಹೋಗಿ, ಆ ಇಳಿಜಾರು ಇಳಿದು ಹತ್ತಿ ಬಂದರು. ಬಂದವರು ದಣಿದಿದ್ದರು. ಗೆದ್ದವರ ಹಾಗೆ ಯಾರೂ ಕಾಣಲಿಲ್ಲ.

ಕುಮಟೆಯ ಹೆಂಚಿನ ವ್ಯಾಪಾರಿಯ ಮಗನಿಗೆ ಹೇಳಿ ಕಳಿಸಿದರು. ಅವನು ಅಷ್ಟರಲ್ಲಿ ಬೇರೆ ಗಾಡಿ ಕೊಂಡಿದ್ದ. ಮಳೆಯ ಬಾಗಿಲಲ್ಲಿ, ಶರಾವತಿಯ ವಿದ್ಯುತ್ ಕೆಲಸಕ್ಕೆ ಬಂದಿದ್ದ ಒಬ್ಬ ಪಂಜಾಬಿ ಕಂತ್ರಾಟದಾರ ಕಾರನ್ನು ಕಂಡು, ಕೇಳಿದ್ದಕ್ಕಿಂತ ಬಹಳ ಕಡಿಮೆಗೆ ಕೊಂಡುಹೋದ. ಮುಂಬಯಿಯ ಟ್ಯಾಕ್ಸಿಗೆ ಅದು ಯಾವ ಮೂಲೆಗೂ ಸಾಲುತ್ತಿರಲಿಲ್ಲ. ರಮಾನಂದ ಸ್ವಲ್ಪ ದಿನ ಮಂಕಾಗಿ ಕೂತಿದ್ದು, ಆಮೇಲೆ ಭಟ್ಕಳದಲ್ಲಿ ಒಬ್ಬ ಸಾಹುಕಾರರ ಲಾರಿಗೆ ಡ್ರೈವರನಾಗಿ ನಿಂತ. ಬಂದರಿನ ಹತ್ತಿರ ಒಂದು ಕೋಣೆ, ಹಿಂದೆ ಒಂದು ಒಲೆ, ಇಷ್ಟನ್ನು ಬಾಡಿಗೆಗೆ ಹಿಡಿದ. ಮಂಗಲಾಳನ್ನು ಕಳಿಸಿಕೊಡಿ ಎಂದು ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದ.

ಹೊರಡುವ ದಿನ ಹನುಮಕ್ಕ ಅತ್ತರು. ಅಣ್ಣಪ್ಪ ತಮ್ಮನ ಮನೆಗೆಂದು ಹೊಸ ಕಬ್ಬಿಣದ ಒಲೆ ಮಾಡಿ ಕೊಟ್ಟ. ಆಗ ಶರಾವತಿಗೆ ಸೇತುವೆ ಇರಲಿಲ್ಲ. ಲಾಂಚಿನಲ್ಲಿ ಹೊಳೆ ದಾಟಿ ಆಚೆ ಕಾಸರಕೋಡಿನಲ್ಲಿ ಬಸ್ಸು ಹಿಡಿಯಬೇಕು. ಅಣ್ಣಪ್ಪ ಟ್ರಂಕನ್ನೂ ಒಲೆಯನ್ನೂ ತಲೆಹೊರೆಯವನ ಜೊತೆ ಮುಂದೆ ಒಯ್ದ. ನರ್ಮದಾ ಅಕ್ಕಿಯ ಗಂಟನ್ನು ಸೊಂಟಕ್ಕೆ ಇಟ್ಟುಕೊಂಡು ಮಂಗಲಾಳ ಹಿಂದೆ ನಡೆದಳು. ಜಿ‌ನುಗು ಮಳೆ ಬೀಳುತ್ತಿತ್ತು.

ಲಾಂಚು ಹಗ್ಗ ಬಿಚ್ಚುವ ಹೊತ್ತಿಗೆ ಮಂಗಲಾ ಗಂಟು ತೆಗೆದುಕೊಳ್ಳಲು ತಿರುಗಿದಳು. ತೆಗೆದುಕೊಂಡು ಅಲ್ಲೇ ನಿಂತಳು.

"ಅಕ್ಕ, ನೀ ಹೇಳಿದ್ದು ತಪ್ಪು ಅಂತ ನಾ ಒಂದು ದಿನವೂ ಎಣಿಸಲಿಲ್ಲ" ಎಂದಳು. "ಆ ಹುಡುಗಿ ಘಟ್ಟದಿಂದ ಬಿದ್ದು ಬಂದ ಹಣದಲ್ಲಿ ನಾ ಮುಂಬಯಿಯಲ್ಲಿ ಅನ್ನ ಉಣ್ತಿದ್ನಾ? ನಂಗೆ ಮೊದಲು ಹೇಳಬೇಕಿತ್ತು. ನಾಲ್ಕು ದಿನ ನನ್ನ ಜೊತೆ ನೀರು ಸೇದಿದೆ, ನಾ ಸೀರೆ ಮಡಚುದು ನೋಡಿದೆ. ನಂಗೆ ಹೇಳಿದ್ರೆ ನನ್ನ ಗಂಡನಿಗೆ ನಾನೇ ಬೇಡ ಅಂತಿದ್ದೆ. ನಾ ಸುಮ್ಮನೆ ಇರ್ತೆ ಅಂತ ನೀನೂ ಎಣಿಸಿದೆ."

ಮಂಗಲಾ ಒಂದು ಗಳಿಗೆ ಕಾದಳು. ಲಾಂಚಿನವನು ಕರೆದ. "ಬತ್ತೆ" ಎಂದು ಹೇಳಿ ಹಲಗೆ ದಾಟಿ ಒಳಗೆ ಹೋಗಿ, ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು.

ಮನೆಗೆ ಬಂದ ನರ್ಮದಾ ಒದ್ದೆ ಸೀರೆ ಬದಲಿಸಿ ಒಲೆ ಹಚ್ಚಿದಳು. ಹಸಿ ಕಟ್ಟಿಗೆಯಿಂದ ಹೊಗೆಯೆದ್ದಿತು. ಅತ್ತೆಗೆ ಗಂಜಿ ಕೊಟ್ಟಳು, ಮಕ್ಕಳಿಗೆ ಬಡಿಸಿದಳು. ಅಣ್ಣಪ್ಪ ಮಣೆಯ ಮೇಲೆ ಕೂತು, ಹೋಗುವಾಗ ಮಂಗಲಾ ಮಾತಾಡಿದಳೇ ಎಂದು ಕೇಳಿದ. ನರ್ಮದಾ ಸೌಟು ಪಾತ್ರೆಯಲ್ಲಿ ಬಿಟ್ಟು, ಅವಳು ಹೇಳಿದ ಮಾತನ್ನು ಹೇಳಿದ ಹಾಗೆಯೇ ಹೇಳಿದಳು.

ಅಣ್ಣಪ್ಪ ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದ.

"ಅವಳ ಮನಸ್ಸು ಎಂತದು ಅಂತ ಅವಳನ್ನ ಯಾರು ಕೇಳಿದ್ರು" ಎಂದ ಕೊನೆಗೆ. "ನಾನೂ ಕೇಳಲಿಲ್ಲ."

ನರ್ಮದಾ ಅವನಿಗೆ ಇನ್ನೊಂದು ಸೌಟು ಸಾರು ಹಾಕಿ, ತನ್ನ ತಟ್ಟೆ ತೆಗೆದುಕೊಂಡು, ಒಲೆಯ ಪಕ್ಕದಲ್ಲಿ ಕೂತಳು.